ನೈಜರಿನ ಬಾವುಟ ಮತ್ತು ನನ್ನ ಹೆಸರು

ನನ್ನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಉಳಿಸಿಕೊಳ್ಳುವುದಕ್ಕೆ ಸಾಕಷ್ಟು ಜಗಳ ಆಡಿದ್ದೇನೆ. ಕರೆಯಬೇಕಾದವರಿಗೆಲ್ಲ ಅದು ಗೊತ್ತಿದೆ, ಗೊತ್ತಿಲ್ಲದವರಿಗೆ ಜಗಳದ ಕಥೆ ಸಾಕು.

ಜಗಳ ಶುರುವಾಗಿದ್ದು ಒಂದು ಬಾವುಟದಿಂದ. ಅದೂ ನಾನು ಈವರೆಗೆ ಕಣ್ಣಲ್ಲಿ ಕಾಣದ, ಮುಂದೆಯೂ ಕಾಣುವ ಸಂಭವವಿಲ್ಲದ ಒಂದು ದೇಶದ ಬಾವುಟ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಸಾಗರದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದುತ್ತಿದ್ದೆ. ಅಪ್ಪ, ಅಮ್ಮ ಇದ್ದದ್ದು ಜೋಗದಲ್ಲಿ. ಅಪ್ಪನಿಗೆ ಅಲ್ಲಿನ ಪವರ್ ಹೌಸಿನಲ್ಲಿ ಫಿಟ್ಟರ್ ಕೆಲಸ. ಕಾಲೊನಿಯ ಮನೆಗಳೆಲ್ಲ ಒಂದೇ ಥರ. ಅದೇ ಹಂಚು, ಅದೇ ಹಸಿರು ಬಾಗಿಲು, ಅದೇ ಎರಡು ಮೆಟ್ಟಿಲು. ಮೊದಲ ಸಲ ಬಂದ ನೆಂಟರು ಇನ್ಯಾರದೋ ಮನೆಗೆ ಹೋಗಿ, ಕಾಲು ತೊಳೆದುಕೊಂಡು ಒಳಗೆ ಕೂತು, ಕಾಫಿ ಕುಡಿದಾದ ಮೇಲೆ "ನಮ್ಮೋರು ಎಲ್ಲಿ?" ಅಂತ ಕೇಳಿದ್ದೂ ಉಂಟು. ನಮಗೆ ಮಾತ್ರ ಯಾವತ್ತೂ ಮನೆ ತಪ್ಪಲಿಲ್ಲ. ಯಂತ್ರದ ಸದ್ದಿನಲ್ಲಿ ಅಪ್ಪನ ಕಿವಿ ಮಂದವಾಗಿತ್ತು. ತನಗೆ ಕೇಳಿಸದ್ದು ಬೇರೆಯವರಿಗೂ ಕೇಳಿಸುವುದಿಲ್ಲ ಎಂಬುದು ಅವನ ಲೆಕ್ಕ. ಪಾಳಿ ಮುಗಿಸಿ ಬರುವಾಗ ರಸ್ತೆಯ ತಿರುವಿನಿಂದಲೇ ನನ್ನ ಹೆಸರು ಹಿಡಿದು ಕೂಗುತ್ತಿದ್ದ. ಸಾಲಿನ ಎಲ್ಲ ಮನೆಗಳಿಗೂ ಅದು ಕೇಳುತ್ತಿತ್ತು, "ಓ" ಅನ್ನುತ್ತಿದ್ದವಳು ನಾನೊಬ್ಬಳೇ. ರಜೆಯಲ್ಲಿ ಊರಿಗೆ ಹೋದಾಗ ಆ ಕೂಗು ಕೇಳಿದ ಮೇಲೇ ನನಗೆ ಮನೆಗೆ ಬಂದ ಹಾಗೆ ಅನ್ನಿಸುತ್ತಿದ್ದದ್ದು.

ಆ ವರ್ಷ ನಮ್ಮ ಶಾಲೆಯಲ್ಲಿ ಲೋಕದ ದೇಶಗಳ ಬಾವುಟಗಳ ಪ್ರದರ್ಶನ ಮಾಡಬೇಕು ಅಂತ ಹೆಡ್ಮಾಸ್ತರರು ನಿಶ್ಚಯಿಸಿದರು. ಎಲ್ಲಿಂದಲೋ ಬಣ್ಣದ ಚಾರ್ಟೊಂದು ಬಂದಿತ್ತು. ಅದನ್ನು ನೋಡಿ ಒಬ್ಬೊಬ್ಬರು ಒಂದೊಂದು ದೇಶದ್ದನ್ನು ಡ್ರಾಯಿಂಗ್ ಶೀಟಿನ ಮೇಲೆ ಬರೆಯಬೇಕಿತ್ತು. ಭಾರತದ್ದು ಹೆಡ್ಮಾಸ್ತರರ ಅಚ್ಚುಮೆಚ್ಚಿನ ಹುಡುಗನಿಗೆ ಹೋಯಿತು. ಇಂಗ್ಲೆಂಡ್, ಅಮೆರಿಕಗಳಿಗೆ ಹೊಡೆದಾಟವೇ ಆಯಿತು. ನಾನು ಜ್ವರ ಬಂದು ಮಲಗಿ, ಎದ್ದು ಶಾಲೆಗೆ ಹೋಗುವಷ್ಟರಲ್ಲಿ ಉಳಿದಿದ್ದು ಆಫ್ರಿಕದ ನೈಜರ್. ಆಗಷ್ಟೇ ಸ್ವತಂತ್ರವಾದ ದೇಶ. ಮೇಲೆ ಕೇಸರಿ, ನಡುವೆ ಬಿಳಿ, ಕೆಳಗೆ ಹಸಿರು. ನಮ್ಮ ಚಕ್ರ ಇರುವ ಜಾಗದಲ್ಲಿ ಒಂದು ದುಂಡನೆಯ ಕೇಸರಿ ಬೊಟ್ಟು. ಇಷ್ಟೇ. ನನಗೆ ಬಹಳ ಸುಲಭವಾಯಿತು ಅಂತ ಗೆಳತಿಯರು ಹೊಟ್ಟೆಕಿಚ್ಚು ಪಟ್ಟರು.

ಪ್ರದರ್ಶನದ ಹಿಂದಿನ ದಿನ ಹೆಡ್ಮಾಸ್ತರರು ಗೋಡೆಯ ಉದ್ದಕ್ಕೂ ನೋಡುತ್ತ ಬಂದು ನನ್ನ ಚಿತ್ರದ ಮುಂದೆ ನಿಂತುಬಿಟ್ಟರು.

"ಯಾರೇ ಇದನ್ನ ಬರ್ದಿದ್ದು? ಚಕ್ರ ಬರಿಯಕ್ಕೆ ಸೋಮಾರಿತನ ಅಂತ ಬೊಟ್ಟು ಇಟ್ಟಿದೀಯಾ? ರಾಷ್ಟ್ರಧ್ವಜ ಅಂದ್ರೆ ಏನಂತ ತಿಳ್ಕಂಡಿದೀಯ?"

"ಇದು ನಮ್ದಲ್ಲ ಸಾರ್. ನೈಜರ್‌ದು."

ಅವರು ನಂಬಲಿಲ್ಲ. ಚಾರ್ಟು ತರಿಸಿ, ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿದರು. ನಾನು ಬರೆದದ್ದು ಸರಿಯಾಗಿತ್ತು. ನನ್ನನ್ನು ಬೈಯುವ ಹಾಗಿರಲಿಲ್ಲ, ಬಂದ ಸಿಟ್ಟನ್ನು ನುಂಗುವ ಅಭ್ಯಾಸ ಅವರಿಗಿರಲಿಲ್ಲ. ಹಾಗಾಗಿ ನೈಜರನ್ನು ಬೈದರು. "ನಮ್ದನ್ನ ನೋಡಿ ಮಾಡ್ಕಂಡಿದಾರೆ. ಸ್ವಂತಿಕೆ ಬೇಡ್ವಾ? ಹೊಸದಾಗಿ ಬಂದೋರು ಬದಲಾಯಿಸ್ಕೋಬೇಕು!" ಅಂದು, ಬಂದವರಿಗೆ ಗೊಂದಲವಾಗಬಾರದು ಅಂತ ನನ್ನ ಚಿತ್ರವನ್ನು ಕಿತ್ತು, ಬಾಗಿಲು ತೆರೆದರೆ ಮುಚ್ಚಿಹೋಗುವ ಮೂಲೆಗೆ ಅಂಟಿಸಿದರು. ಮಾರನೆಯ ದಿನ ಬಂದವರೆಲ್ಲ ತೆರೆದ ಬಾಗಿಲನ್ನೇ ನೋಡಿಕೊಂಡು ಮುಂದೆ ಹೋದರು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ನೈಜರ್ ಭೂಪಟದಲ್ಲಿ ಎಲ್ಲಿದೆ ಅಂತ ಅದುವರೆಗೆ ನೋಡಿರಲಿಲ್ಲ. ಅವತ್ತು ಸಂಜೆ ಹುಡುಕಿ ನೋಡಿದೆ.

ಹೆಡ್ಮಾಸ್ತರರಿಗೆ ಆ ವಿಷಯ ಎಷ್ಟು ಹಿಡಿಸಿತೆಂದರೆ ಅದನ್ನೇ ಆ ತಿಂಗಳ ಚರ್ಚಾಕೂಟಕ್ಕೆ ಇಟ್ಟರು. ಒಂದೇ ಬಗೆಯಾಗಿ ಕಾಣುವ ರಾಷ್ಟ್ರಧ್ವಜಗಳನ್ನು ಆಯಾ ದೇಶದ ಸ್ವಂತಿಕೆ ತೋರುವಂತೆ ಬದಲಾಯಿಸಬೇಕೆ? ಬದಲಾಯಿಸಬೇಕು ಎನ್ನಲು ಸಾಲುಗಟ್ಟಿ ನಿಂತರು. ಬೇಡ ಎನ್ನಲು ನಾನೊಬ್ಬಳೇ.

ಗಡಿಯಲ್ಲಿ ಚೀನಾದ ಗಲಾಟೆಯ ಸುದ್ದಿ ಎಲ್ಲರ ಬಾಯಲ್ಲಿದ್ದ ಕಾಲ. ಭಾರತದ ಬಾವುಟ ಬರೆದಿದ್ದ ಹುಡುಗ ಅದನ್ನೇ ಹಿಡಿದುಕೊಂಡ. ನಾಳೆ ಯುದ್ಧವಾದರೆ ನಮ್ಮ ಸೈನಿಕರು ಯಾರ ಬಾವುಟ ಅಂತ ಗುರುತಿಸಬೇಕು, ಯಾರಿಗೆ ಗುಂಡು ಹೊಡೆಯಬೇಕು ಅಂತ ಮೇಜು ಗುದ್ದಿದ. ಚಪ್ಪಾಳೆಯೋ ಚಪ್ಪಾಳೆ. ಇನ್ನೊಬ್ಬ ಇಂಡೋನೇಷ್ಯ, ಮೊನಾಕೊ ಎರಡರದ್ದೂ ಕೆಂಪು ಬಿಳಿ ಅಂತ ತೋರಿಸಿ, ಇದು ನಾಚಿಕೆಗೇಡು ಅಂದ. ಯಾರಿಗೆ ನಾಚಿಕೆ ಅಂತ ಹೇಳಲಿಲ್ಲ.

ನನ್ನ ಸರದಿ ಬಂತು. ನಾನು ಜೋಗದ ಕಾಲೊನಿಯ ಮನೆಗಳನ್ನು ಹೇಳಿದೆ. ಎಲ್ಲ ಮನೆ ಒಂದೇ ಥರ ಇದ್ದರೂ ನಾನು ಯಾವತ್ತೂ ಪಕ್ಕದ ಮನೆಗೆ ಹೋಗಿ ಊಟಕ್ಕೆ ಕೂತಿಲ್ಲ ಅಂದೆ. ಎಲ್ಲರೂ ನಕ್ಕರು. ನಗಲಿ ಅಂತ ಬಿಟ್ಟು ಮುಂದುವರಿಸಿದೆ. ನಮ್ಮ ಹಸಿರು ಸಾಗರ ಸೀಮೆಯ ಹಸಿರು ಅಂತ ನಾವು ತಿಳಿದುಕೊಂಡಿದ್ದೇವೆ, ಅವರ ಹಸಿರು ಅವರ ಹೊಳೆಯ ದಡದ್ದಿರಬಹುದು. ಅವರ ಕೇಸರಿ ಅವರ ಮರಳಿನದ್ದಿರಬಹುದು. ಅವರು ನಮ್ಮದನ್ನು ನೋಡಿದ್ದರೋ ಇಲ್ಲವೋ ಯಾರಿಗೆ ಗೊತ್ತು? ಪರದೇಶದವರು ಆಳುವಾಗ ತಲೆಯ ಮೇಲೆ ಹೇರಿದ್ದ ಬಾವುಟವನ್ನು ಒಂದು ದೇಶ ಕಿತ್ತುಹಾಕಿ ತನ್ನದನ್ನು ಹಾರಿಸಿದರೆ ಮೊದಲು ಚಪ್ಪಾಳೆ ಹೊಡೆಯುವವಳು ನಾನು. ಆದರೆ ಈಗಷ್ಟೇ ತಮ್ಮದನ್ನು ಹಾರಿಸಿಕೊಂಡವರಿಗೆ, ನಿಮ್ಮದು ನಮ್ಮದರ ಹಾಗೆ ಕಾಣುತ್ತದೆ, ಇಳಿಸಿ ಅನ್ನಲು ನಾವು ಯಾರು? ಗೊಂದಲ ಆಗಿರುವುದು ನೋಡುವವರಿಗೆ. ಅವರು ಇನ್ನೊಂದು ಸಲ ಸರಿಯಾಗಿ ನೋಡಲಿ.

ಕೊನೆಯ ಮಾತನ್ನು ಹೆಡ್ಮಾಸ್ತರರ ಮುಖ ನೋಡಿಕೊಂಡೇ ಹೇಳಿದೆ. ತೀರ್ಪು ಹೇಳಲು ಬಂದಿದ್ದ ವಕೀಲರು, ತಡವಾಗಿ ಬಂದವರು ಮೊದಲಿದ್ದವರಿಗೆ ಜಾಗ ಬಿಡುವುದು ಮರ್ಯಾದೆ, ಅದು ಮನುಷ್ಯರಿಗೂ ಸರಿ, ದೇಶಗಳಿಗೂ ಸರಿ ಅಂದರು. ನಾನು ಸೋತೆ. ಎದ್ದು ನಿಂತು "ನಂಗೆ ಒಪ್ಪಿಗೆ ಇಲ್ಲ ಸಾರ್" ಅಂದೆ. ಒಂದು ವಾರ ತರಗತಿಯ ಹೊರಗೆ ನಿಲ್ಲಿಸಿದರು. ಹೊರಗೆ ಗಾಳಿ ಚೆನ್ನಾಗಿ ಬರುತ್ತಿತ್ತು.

ಹೈಸ್ಕೂಲು ಮುಗಿಯಿತು, ಟ್ರೈನಿಂಗ್ ಆಯಿತು. ಹೊಸನಗರದ ಹತ್ತಿರ ಒಂದು ಪ್ರೈಮರಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಅಷ್ಟರಲ್ಲಿ ಲಿಂಗನಮಕ್ಕಿಯ ಅಣೆಕಟ್ಟೆ ಮುಗಿದು ನೀರು ನಿಂತಿತ್ತು. ಹಿನ್ನೀರಿನಿಂದ ಎದ್ದು ಬಂದವರ ಮಕ್ಕಳು ನನ್ನ ತರಗತಿಯಲ್ಲಿದ್ದರು. ನಿನ್ನ ಊರು ಯಾವುದು ಅಂತ ಕೇಳಿದರೆ ಮುಳುಗಿದ ಊರಿನ ಹೆಸರನ್ನೇ ಹೇಳುತ್ತಿದ್ದರು. ಈಗಿನ ಊರು ಹೇಳು ಅಂತ ನಾನು ಒಂದು ಸಲವೂ ತಿದ್ದಲಿಲ್ಲ. ಮಕ್ಕಳು ನನ್ನನ್ನು ಅಕ್ಕೋರೇ ಅನ್ನುತ್ತಿದ್ದರು. ಹಾಗಾಗಿ ನನ್ನ ಹೆಸರು ಕಿವಿಗೆ ಬೀಳಬೇಕಾದರೆ ಜೋಗಕ್ಕೇ ಹೋಗಬೇಕಿತ್ತು.

ಆ ಹೊತ್ತಿಗೆ ತೀರ್ಥಹಳ್ಳಿ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಅಲ್ಲಿನ ಕಚೇರಿಯೊಂದರಲ್ಲಿ ಗುಮಾಸ್ತ, ಮನೆ ಕೋಣಂದೂರಿನ ಹತ್ತಿರ. ಅವನ ಅಪ್ಪ ನಿವೃತ್ತ ಹೆಡ್ಮಾಸ್ತರರು. ನನ್ನ ಗ್ರಹಚಾರದಲ್ಲಿ ಹೆಡ್ಮಾಸ್ತರರ ಕಾಟ ಮುಗಿದಿರಲಿಲ್ಲ. ಜೋಗದ ಮನೆಗೇ ಹೆಣ್ಣು ನೋಡಲು ಬಂದರು. ಬರುವಾಗ ದಾರಿ ತಪ್ಪಿ ಪಕ್ಕದ ಮನೆಯ ಮೆಟ್ಟಿಲು ಹತ್ತಿದ್ದರು, ಅಮ್ಮ ಓಡಿಹೋಗಿ ಕರೆದುಕೊಂಡು ಬಂದಳು.

ಹುಡುಗನ ಅಪ್ಪ, ಮುಂದೆ ನನಗೆ ಮಾವನಾದವರು, ನನ್ನ ಹೆಸರು ಕೇಳಿದರು. ಹೇಳಿದೆ. ಚಾಪೆಯ ಮೇಲೆ ಹೆಂಗಸರ ನಡುವೆ ಕೂತಿದ್ದ ಅವರ ಹೆಂಡತಿ, ಮುಂದೆ ನನಗೆ ಅತ್ತೆಯಾದವರು, ತಲೆ ಎತ್ತಿ ನನ್ನನ್ನು ನೋಡಿದರು. ಮಾವ ನಕ್ಕರು.

"ಇವ್ಳ ಹೆಸ್ರೂ ಅದೇ. ಅಡ್ಡಿಲ್ಲ ಬಿಡಿ, ಮನೆ ತುಂಬಿಸ್ಕಳೋ ದಿನ ಅಕ್ಕಿ ಮೇಲೆ ಬೇರೆ ಹೆಸ್ರು ಬರ್ಸಿದ್ರಾತು."

ಅದು ಆ ಮನೆತನದ ಪದ್ಧತಿ. ಸೊಸೆ ಹೊಸಿಲು ದಾಟಿ ಬಂದಮೇಲೆ ಹರಿವಾಣದಲ್ಲಿ ಅಕ್ಕಿ ಹರಡುತ್ತಾರೆ. ಹಿರಿಯರು ಆರಿಸಿದ ಹೊಸ ಹೆಸರನ್ನು ಮದುಮಗ ಉಂಗುರದಿಂದ ಆ ಅಕ್ಕಿಯ ಮೇಲೆ ಬರೆಯುತ್ತಾನೆ. ಅವತ್ತಿನಿಂದ ಅವಳು ಆ ಹೆಸರಿನವಳು. ಮನೆಯಲ್ಲಿ ಅದೇ ಹೆಸರಿನ ಇನ್ನೊಬ್ಬಳಿದ್ದರಂತೂ ಬರೆಯದೆ ಬಿಡುವುದೇ ಇಲ್ಲ.

"ನಾನು ಹೆಸ್ರು ಬದ್ಲಾಯಿಸಲ್ಲ" ಅಂದೆ. ಅಮ್ಮ ಹಿಂದಿನಿಂದ ಚಿವುಟಿದಳು. ಅಪ್ಪನಿಗೆ ಸರಿಯಾಗಿ ಕೇಳಿಸಲಿಲ್ಲ, ನಾನು ಏನೋ ಒಳ್ಳೆಯದನ್ನೇ ಹೇಳಿದೆ ಅಂದುಕೊಂಡು ತಲೆಯಾಡಿಸಿದ.

ಮಾವನಿಗೆ ಸಿಟ್ಟು ಬರಲಿಲ್ಲ. ಪಾಠ ಹೇಳುವ ದನಿಯಲ್ಲಿ ಕೇಳಿದರು. "ಅಲ್ಲಮ್ಮ, ಒಂದೇ ಮನೇಲಿ ಇಬ್ರಿಗೂ ಒಂದೇ ಹೆಸ್ರಾದ್ರೆ, ಕರ್ದಾಗ ಓ ಅನ್ನೋರು ಯಾರು?"

"ನೀವು ಇವ್ರನ್ನ ಹೆಸ್ರು ಹಿಡ್ದು ಕರೀತೀರಾ?"

ನಮ್ಮ ಕಡೆ ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ಗಂಡಸು ಆಗ ಯಾರಿದ್ದ? ಇವಳೇ, ಕೇಳ್ತಾ, ಎಲ್ಲಿ ಹೋದ್ಯೇ, ಇಷ್ಟರಲ್ಲೇ ಸಂಸಾರ ಮುಗಿಯುತ್ತಿತ್ತು. ಚಾಪೆಯ ಕಡೆಯಿಂದ ಕಿಸಕ್ಕನೆ ನಗು ಕೇಳಿಸಿತು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

ಸಂಬಂಧ ಮುರಿಯಿತು ಅಂತ ಅಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮುರಿಯಲಿಲ್ಲ. ಹುಡುಗಿ ಒಪ್ಪಿಗೆ, ಹುಡುಗ ಹಟ ಹಿಡಿದಿದ್ದಾನೆ ಅಂತ ಮಧ್ಯಸ್ಥಿಕೆಯವರು ಬಂದು ಹೇಳಿದರು. ಹೆಸರಿನ ಮಾತು ಎತ್ತಲಿಲ್ಲ. ಬಿಟ್ಟುಬಿಟ್ಟಿದ್ದಾರೆ ಅಂದುಕೊಂಡೆ.

ಮದುವೆ ಸಾಗರದಲ್ಲಿ ಆಯಿತು. ಮಾರನೆಯ ದಿನ ಬಸ್ಸಿನಲ್ಲಿ ಕೋಣಂದೂರಿಗೆ ಹೋಗಿ, ಅಲ್ಲಿಂದ ಗಾಡಿ. ಹೊಸಿಲ ಮೇಲಿನ ಸೇರಕ್ಕಿಯನ್ನು ಕಾಲಲ್ಲಿ ತಳ್ಳಿ ಒಳಗೆ ಹೋದರೆ, ನಡುಮನೆಯಲ್ಲಿ ಹರಿವಾಣ ಇತ್ತು. ಅಕ್ಕಿ ಹರಡಿತ್ತು. ಊರಿನವರು, ನೆಂಟರು ಗೋಡೆಗೊರಗಿ ಕೂತಿದ್ದರು. ಪುರೋಹಿತರು ಹೊಸ ಹೆಸರನ್ನು ಗಟ್ಟಿಯಾಗಿ ಹೇಳಿ "ಬರೀರಿ" ಅಂದರು. ದೇವಿಯ ಹೆಸರೇ, ಚೆಂದದ್ದೇ. ನನ್ನ ಪಕ್ಕದಲ್ಲಿ ಕೂತವರು ಉಂಗುರ ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆ ನೋಡಿದರು. ನನ್ನ ಹಿಂದೆ ತವರಿನ ಕಡೆಯವರು ಅಂತ ಇದ್ದದ್ದು ಸೋದರತ್ತೆ ಒಬ್ಬಳು. ಕೊರಳಿಗೆ ತಾಳಿ ಬಿದ್ದಾಗಿತ್ತು, ಹೋಗುವುದು ಅಂದರೂ ಎಲ್ಲಿಗೆ? ಅಪ್ಪ ಜೋಗದ ಆ ತಿರುವಿನಲ್ಲಿ ನಿಂತು ಇನ್ನು ಯಾರನ್ನು ಕೂಗಬೇಕು ಅಂತ ಒಂದು ಕ್ಷಣ ಅನ್ನಿಸಿತು.

ನಾನು ಎರಡೂ ಅಂಗೈಗಳನ್ನು ಅಕ್ಕಿಯ ಮೇಲೆ ಇಟ್ಟೆ.

"ಬರಿಯೋದಾದ್ರೆ ನನ್ನ ಹೆಸ್ರೇ ಬರೀರಿ."

ಗುಸುಗುಸು ಎದ್ದಿತು. ಯಾರೋ "ಓದಿದ ಹುಡ್ಗಿ ಬೇಡ ಅಂತ ಆಗ್ಲೇ ಹೇಳಿದ್ದೆ" ಅಂದರು. ಮಾವ ಎದ್ದು ಬಂದರು. ಈ ಸಲ ಪಾಠದ ದನಿ ಇರಲಿಲ್ಲ.

"ಹೊಸದಾಗಿ ಬಂದೋರು ಬದ್ಲಾಯಿಸ್ಕಬೇಕು. ಮೊದ್ಲಿಂದ ಇದ್ದೋರು ಬದ್ಲಾಯಿಸ್ಕಳಕ್ಕಾಗತ್ತಾ? ಅದೊಂದು ಮರ್ಯಾದೆ."

ಸಾಗರದ ಆ ವಕೀಲರೇ ಕೋಟು ಕಳಚಿಟ್ಟು ಶಲ್ಯ ಹೊದ್ದು ಬಂದ ಹಾಗಾಯಿತು. ಬಾಗಿಲ ಮರೆಗೆ ಅಂಟಿಸಿದ್ದ ನನ್ನ ನೈಜರ್ ಬಾವುಟ ಕಣ್ಣಿಗೆ ಕಟ್ಟಿತು. ಅವತ್ತು ಒಂದು ಕಾಗದವನ್ನು ಮರೆಗೆ ಹಾಕಿದ್ದರು, ಇವತ್ತು ನನ್ನನ್ನೇ.

"ಗೊಂದಲ ಆದೋರು ಇನ್ನೊಂದ್ಸಲ ಸರಿಯಾಗಿ ನೋಡ್ಲಿ ಮಾವ. ನಾನ್ಯಾರು, ಅತ್ತೆ ಯಾರು ಅಂತ ಗೊತ್ತಾಗತ್ತೆ."

ನನ್ನ ಪಕ್ಕದವರು ಉಂಗುರವನ್ನು ಹಿಡಿದುಕೊಂಡೇ ಕೂತಿದ್ದರು. ಬರೆಯಲಿಲ್ಲ. ಅದೊಂದಕ್ಕೆ ಅವರನ್ನು ನಾನು ಜೀವನಪೂರ್ತಿ ಮೆಚ್ಚಿದ್ದೇನೆ. ಉಳಿದ ವಿಷಯಗಳಲ್ಲಿ ಅಷ್ಟಿಲ್ಲ.

ಆಗ ಅಡುಗೆಮನೆಯ ಬಾಗಿಲಿನಿಂದ ಅತ್ತೆ ಬಂದರು. ಎಲ್ಲರೂ ದಾರಿ ಬಿಟ್ಟರು. ಈಗ ಸೊಸೆಗೆ ಸರಿಯಾಗಿ ಮಂಗಳಾರತಿ ಆಗುತ್ತದೆ ಅಂತ ಹೆಂಗಸರು ಮುಂದೆ ಬಾಗಿದರು. ಅತ್ತೆ ಹರಿವಾಣದ ಮುಂದೆ ಕೂತು ನನ್ನ ಕೈಗಳನ್ನು ನೋಡಿದರು. ಆಮೇಲೆ ಗಂಡನ ಕಡೆ ತಿರುಗದೆ, ಅಕ್ಕಿಗೇ ಹೇಳುವ ಹಾಗೆ ಹೇಳಿದರು.

"ಈ ಹೆಸ್ರು ನಂದಲ್ಲ. ಇದೇ ಹರಿವಾಣದಲ್ಲಿ ಬರ್ದು ಕೊಟ್ಟಿದ್ದು. ನಮ್ಮತ್ತೆ ಹೆಸ್ರೂ ನನ್ನ ತವರಿನ ಹೆಸ್ರೂ ಒಂದೇ ಅಂತ. ಆಗ ನಂಗೆ ಇನ್ನೂ ಹಲ್ಲು ಬೀಳ್ತಿತ್ತು. ಬೇಡ ಅನ್ಬೋದು ಅಂತ ಗೊತ್ತಿರ್ಲಿಲ್ಲ."

ಮಾವ "ಈಗ ಅದೆಲ್ಲ ಎಂತಕ್ಕೇ" ಅಂದರು.

"ಈಗ್ಲೇ ಬೇಕು" ಅಂದರು ಅತ್ತೆ. "ಅವಳ್ದು ಅವಳಿಗಿರ್ಲಿ. ನಂದನ್ನ ನಾನು ತಗಳ್ತೀನಿ."

ಮಗನ ಕೈಯಿಂದ ಉಂಗುರ ಈಸಿಕೊಂಡರು. ನಾನು ಕೈ ತೆಗೆದೆ. ಅತ್ತೆ ಎರಡನೇ ತರಗತಿಗೇ ಶಾಲೆ ಬಿಟ್ಟವರು. ಒಂದೊಂದು ಅಕ್ಷರಕ್ಕೂ ನಿಂತು, ಒಂದು ಕಡೆ ಒತ್ತು ಮರೆತು, ಅಕ್ಕಿ ಸರಿಸಿ ಮತ್ತೆ ಬರೆದರು. ಬರೆದಾದ ಮೇಲೆ ಮೂಲೆಯಲ್ಲಿ ಕೂತಿದ್ದ ಅವರ ತಮ್ಮ ಎದ್ದು ಬಂದು ಬಗ್ಗಿ ಓದಿದರು. ಓದಿ, ಹೆಗಲ ಮೇಲಿನ ಬಟ್ಟೆಯನ್ನು ಮುಖಕ್ಕೆ ಹಿಡಿದುಕೊಂಡು ಜಗಲಿಗೆ ಹೋಗಿಬಿಟ್ಟರು. ಪುರೋಹಿತರಿಗೆ ಮುಂದಿನ ಮಂತ್ರ ಯಾವುದು ಅಂತ ತಿಳಿಯಲಿಲ್ಲ. ಅತ್ತೆಯೇ "ಎಲೆ ಹಾಕ್ಸಿ, ಊಟಕ್ಕೆ ಹೊತ್ತಾತು" ಅಂದರು.

ಮಾವ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಹೆಂಡತಿಯನ್ನು ಮೊದಲಿನ ಹಾಗೆ ಇವಳೇ ಅಂತಲೇ ಕರೆಯುತ್ತಿದ್ದರು. ಮನೆಯಲ್ಲಿ ಯಾವ ಗೊಂದಲವೂ ಆಗಲಿಲ್ಲ.

ಆ ವಾರದ ಒಂದು ಮಧ್ಯಾಹ್ನ ಅತ್ತೆ, ನಾನು ಹಿತ್ತಿಲ ಕಡೆಯ ಕಟ್ಟೆಯ ಮೇಲೆ ಕೂತು ಅದೇ ಹರಿವಾಣದ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆವು. ಅದುವರೆಗೆ ಅದನ್ನು ಅಡುಗೆಗೆ ಹಾಕಲು ಅತ್ತೆಗೆ ಮನಸ್ಸು ಬಂದಿರಲಿಲ್ಲ. ಇಷ್ಟು ಮಾತು ಎಲ್ಲಿ ಕಲಿತೆ ಅಂತ ಕೇಳಿದರು. ನಾನು ಬಾವುಟದ ಕಥೆಯನ್ನೆಲ್ಲ ಹೇಳಿದೆ. ನಮ್ಮ ಚಕ್ರವನ್ನೂ ಅವರ ಬೊಟ್ಟನ್ನೂ ಅಕ್ಕಿಯ ಮೇಲೆ ಬೆರಳಲ್ಲಿ ಬರೆದು ತೋರಿಸಿದೆ. ಅತ್ತೆ ಬಹಳ ಹೊತ್ತು ನೋಡಿದರು.

"ಎಲ್ಲಿ ಒಂದೇ ಥರ ಇದೆ ಮಾರಾಯ್ತಿ? ಇದು ಇದೇ, ಅದು ಅದೇ. ಆಮೇಲೆ ಆ ಊರೋರು ಬದ್ಲಾಯಿಸಿದ್ರಾ?"

"ಇಲ್ಲ ಅತ್ತೆ."

"ಒಳ್ಳೇದಾತು."

ಮತ್ತೆ ಸ್ವಲ್ಪ ಹೊತ್ತು ಕಲ್ಲು ಆರಿಸಿದರು. ಆಮೇಲೆ ತಲೆ ಎತ್ತದೆ ಹೇಳಿದರು. "ಬರ್ದಿದ್ದೇನೋ ಆತು. ಕರಿಯೋರು ಯಾರೂ ಇಲ್ಲ. ಅಪ್ಪ, ಅಮ್ಮ ಹೋದ್ರು. ತಮ್ಮ ಅಕ್ಕ ಅಂತಾನೆ. ನೀ ಒಂದ್ಸಲ ಕರಿ ನೋಡಣ."

ನಾನು ಬೆಚ್ಚಿದೆ. ಅತ್ತೆಯನ್ನು ಹೆಸರು ಹಿಡಿದು ಕರೆಯುವುದೆ? ತುಂಬಿದ ಮನೆಯ ಎದುರು ಮಾವನಿಗೆ ಎದುರಾಡಿದ ನನ್ನ ನಾಲಿಗೆ ಅಲ್ಲಿ ಅಂಟಿಕೊಂಡಿತು. ಅದು ಹೇಗಾಗುತ್ತದೆ ಅತ್ತೆ ಅಂದೆ.

"ಆಗತ್ತೆ. ನಾ ಬಾವಿ ಹತ್ರ ಹೋಗ್ತೀನಿ. ನೀ ಬಾಗ್ಲಲ್ಲಿ ನಿಂತ್ಕಂಡು ಕರಿ. ಅಮ್ಮ ಹಂಗೇ ಕರೀತಿದ್ಲು."

ಸೆರಗು ಸಿಕ್ಕಿಸಿಕೊಂಡು ಬಾವಿಯ ಕಡೆ ಹೋದರು. ಅಲ್ಲಿ ನನ್ನ ಕಡೆ ಬೆನ್ನು ಮಾಡಿ ಹಗ್ಗ ಹಿಡಿದು ನಿಂತರು. ನಾನು ಬಾಗಿಲಲ್ಲಿ ನಿಂತೆ. ಮೊದಲು ಸಣ್ಣ ದನಿಯಲ್ಲಿ ಕರೆದೆ, ಕೇಳಿಸಲಿಲ್ಲ. ಆಮೇಲೆ ಅಪ್ಪನನ್ನು ನೆನೆದುಕೊಂಡು, ಜೋಗದ ತಿರುವಿನಿಂದ ಅವನು ಕೂಗುತ್ತಿದ್ದ ಹಾಗೆ, ಅತ್ತೆಯ ಹೆಸರನ್ನು ಗಂಟಲೆತ್ತಿ ಕೂಗಿದೆ.

"ಓ" ಅಂದರು ಅತ್ತೆ. ಹಗ್ಗ ಬಿಟ್ಟು ಓಡಿಬಂದರು. ಆ ವಯಸ್ಸಿನ ಹೆಂಗಸು ಓಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಜಗಲಿಯಿಂದ ಮಾವನ ದನಿ ಬಂತು. "ಯಾರನ್ನೇ ಕರೀತಿರೋದು ಅದು?"

ಅತ್ತೆ ಏದುಸಿರು ಬಿಡುತ್ತ, ನನ್ನ ಭುಜ ಹಿಡಿದುಕೊಂಡು, ಜಗಲಿಯವರೆಗೂ ಕೇಳುವ ಹಾಗೆ ಹೇಳಿದರು. "ನನ್ನನ್ನ."